ಊದುಬತ್ತಿ ಡಬ್ಬಿಯ ಲಡ್ಡು

ನನ್ನ ಮೆಚ್ಚಿನ ಟಿವಿ ಕಾರ್ಯಕ್ರಮಗಳನ್ನು ಪಟ್ಟಿ ಮಾಡಲು ಕೂತರೆ ಹತ್ತರಲ್ಲಿ ಎಂಟು ಹಾಸ್ಯದವೇ ಆಗುತ್ತವೆ. ಉಳಿದೆರಡರಲ್ಲಿ ಒಂದು ಕಾಡುಪ್ರಾಣಿಗಳದು, ಇನ್ನೊಂದು ಅಡುಗೆಯದು. ಅಡುಗೆಯವನು ಉಪ್ಪು ಹಾಕಲು ಮರೆತು, ರುಚಿ ನೋಡಿ, ಕ್ಯಾಮೆರಾ ಕಡೆ ತಿರುಗಿ ‘ಆಹಾ’ ಎನ್ನುವ ಗಳಿಗೆಗೆ ಕಾಯುತ್ತಾ ಅದನ್ನು ನೋಡುತ್ತೇನೆ. ಹಾಗಾಗಿ ಅದನ್ನೂ ಹಾಸ್ಯಕ್ಕೇ ಸೇರಿಸಬಹುದು.

ಇದಕ್ಕೆ ಕಾರಣ ಕಸುಬು. ಸುಂಟಿಕೊಪ್ಪದಿಂದ ಒಂದು ದಿನಪತ್ರಿಕೆಗೆ ನಾನು ಇಪ್ಪತ್ತೇಳು ವರ್ಷಗಳಿಂದ ಸುದ್ದಿ ಕಳಿಸುತ್ತಿದ್ದೇನೆ. ಬಸ್ಸು ಮಗುಚಿದ್ದು, ಆನೆ ಎಸ್ಟೇಟ್ ಕಾರ್ಮಿಕರ ಲೈನ್‌ಮನೆಯ ಗೋಡೆ ಕೆಡವಿದ್ದು, ಕರಿಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದದ್ದು, ಮಣ್ಣು ಕುಸಿದು ರಸ್ತೆ ಬಂದ್ ಆದದ್ದು. ಹಗಲಿಡೀ ಇಂಥವನ್ನು ಬರೆದು ಮನೆಗೆ ಬಂದವಳಿಗೆ ಸಂಜೆ ಪರದೆಯ ಮೇಲೂ ಯಾರೋ ಅಳುವುದನ್ನು ನೋಡುವ ಆಸೆ ಇರುವುದಿಲ್ಲ.

ಕಸುಬು ಇನ್ನೊಂದು ಅಭ್ಯಾಸವನ್ನೂ ಕೊಟ್ಟಿದೆ. ಕೆಲಸಕ್ಕೆ ಸೇರಿದ ಮೊದಲ ವಾರ, ಮಡಿಕೇರಿಯ ಕಚೇರಿಯಲ್ಲಿ ಹಿರಿಯ ಉಪಸಂಪಾದಕರೊಬ್ಬರು ನನ್ನ ವರದಿಯ ಕೊನೆಯ ವಾಕ್ಯಕ್ಕೆ ಕೆಂಪು ಗೆರೆ ಎಳೆದು, ಬಾಣ ಹಾಕಿ ಅದನ್ನು ಮೇಲಕ್ಕೆ ಏರಿಸಿದರು. “ಏನಾಯ್ತು ಅನ್ನೋದು ಮೊದಲು. ಹೇಗಾಯ್ತು ಅನ್ನೋದು ಆಮೇಲೆ. ಜಾಗ ಸಾಲದಿದ್ರೆ ನಾವು ಕೆಳಗಿನಿಂದ ಕತ್ತರಿಸ್ತೀವಿ. ಮುಖ್ಯವಾದ್ದು ಕೆಳಗೆ ಇರಬಾರದು” ಎಂದರು. ಅಂದಿನಿಂದ ನಾನು ಬರೆದ ಯಾವ ವರದಿಯ ಕೊನೆಯಲ್ಲೂ ಮುಖ್ಯವಾದದ್ದು ಇಲ್ಲ. ಈ ಅಭ್ಯಾಸದಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಬರೆಯಲು ಹೊರಟಿದ್ದೇನೆ.

ನಾನು ನೋಡಿದ ಮೊದಲ ಹಾಸ್ಯ ಧಾರಾವಾಹಿ ಒಂದು ಸರ್ಕಾರಿ ಕಚೇರಿಯದು. ಅಲ್ಲೊಂದು ಫ್ಯಾನು. ಅದು ತಿರುಗುವುದಿಲ್ಲ. ಅದನ್ನು ತಿರುಗುವಂತೆ ಮಾಡಿ ಎಂದು ಪ್ರತಿ ವಾರ ಒಬ್ಬೊಬ್ಬ ಗುಮಾಸ್ತ ಅರ್ಜಿ ಹಾಕುತ್ತಾನೆ, ಅರ್ಜಿಗಳು ಮೇಜಿನ ಮೇಲೆ ಬೆಳೆಯುತ್ತವೆ. ಆಗ ನಾವು ಸುಂಟಿಕೊಪ್ಪದಿಂದ ನಾಲ್ಕು ಮೈಲಿ ಒಳಗಿನ ಒಂದು ಕಾಫಿ ಎಸ್ಟೇಟಿನಲ್ಲಿದ್ದೆವು. ಅಪ್ಪ ಅಲ್ಲಿ ಲಾರಿ ಓಡಿಸುತ್ತಿದ್ದರು. ಅವ್ವ ಎಸ್ಟೇಟಿನ ಶಿಶುವಿಹಾರ ನೋಡಿಕೊಳ್ಳುತ್ತಿದ್ದಳು. ಕೆಲಸಕ್ಕೆ ಹೋಗುವ ಹೆಂಗಸರು ಬೆಳಗ್ಗೆ ಮಕ್ಕಳನ್ನು ಅವಳ ಹತ್ತಿರ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಅವಳನ್ನು ಆಯಮ್ಮ ಎನ್ನುತ್ತಿದ್ದರು.

ಇಡೀ ಎಸ್ಟೇಟಿನಲ್ಲಿ ಮ್ಯಾನೇಜರ ಬಂಗಲೆ ಬಿಟ್ಟರೆ ಟಿವಿ ಇದ್ದದ್ದು ರೈಟರ ಮನೆಯಲ್ಲಿ ಮಾತ್ರ. ಎಸ್ಟೇಟಿನಲ್ಲಿ ಹಾಜರಿ ಬರೆದು ಕೆಲಸ ಹಂಚುವವರನ್ನು ರೈಟರ್ ಎಂದೇ ಕರೆಯುವುದು. ಅವರ ಮನೆಯ ಹಿಂದಿನ ಸಿಲ್ವರ್ ಓಕ್ ಮರದ ತುದಿಗೆ ಆಂಟೆನಾ ಕಟ್ಟಿತ್ತು. ಗಾಳಿ ಬಂದರೆ ಮರ ಅಲ್ಲಾಡುತ್ತಿತ್ತು, ಮರ ಅಲ್ಲಾಡಿದರೆ ಕಚೇರಿಯ ಗುಮಾಸ್ತರೆಲ್ಲ ಅಲ್ಲಾಡುತ್ತಿದ್ದರು. ಮೋಡವಿಲ್ಲದ ಕೆಲವು ಸಂಜೆ ನಮ್ಮ ಸ್ಟೇಷನ್ನು ಮಾಯವಾಗಿ ಕೇರಳದ ಕಡೆಯದು ಬಂದು ಕೂರುತ್ತಿತ್ತು. ಹಾಗೆ ಸಿಕ್ಕಿದ್ದು ನನ್ನ ಎರಡನೇ ಮೆಚ್ಚಿನ ಧಾರಾವಾಹಿ, ಮಲಯಾಳದ್ದು. ಇಬ್ಬರು ಅಣ್ಣತಮ್ಮಂದಿರಿಗೆ ಸೇರಿ ಒಂದು ದೋಣಿ. ಇಬ್ಬರಿಗೂ ಮಾತಿಲ್ಲ. ‘ಹುಟ್ಟು ಆ ಕಡೆ ಹಾಕು ಅಂತ ಅವನಿಗೆ ಹೇಳಿ’ ಎಂದು ಒಬ್ಬ ಪ್ರಯಾಣಿಕರಿಗೆ ಹೇಳಬೇಕು, ‘ನನಗೆ ಗೊತ್ತಿದೆ ಅಂತ ಅವನಿಗೆ ಹೇಳಿ’ ಎಂದು ಇನ್ನೊಬ್ಬ.

ಅವ್ವ ಶನಿವಾರಸಂತೆಯ ಕಡೆಯವಳು. ಅವಳಿಗೆ ಮಲಯಾಳ ಬರುತ್ತಿರಲಿಲ್ಲ. ಆದರೆ ರೈಟರ ಮನೆಯ ಸಿಮೆಂಟು ನೆಲದ ಮೇಲೆ ಕೂತಿದ್ದ ನಮಗೆಲ್ಲ ಆ ಧಾರಾವಾಹಿಯನ್ನು ಕನ್ನಡದಲ್ಲಿ ಹೇಳುತ್ತಿದ್ದವಳು ಅವಳೇ. ಮುಖ ನೋಡಿ, ಕೈ ನೋಡಿ, ಬಾಯಿಗೆ ಬಂದಂತೆ ಮಾತು ಕೂಡಿಸುತ್ತಿದ್ದಳು. ಅವಳ ಕಥೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಒಂದು ಕಡುಬಿಗಾಗಿ. ಅಣ್ಣನ ಪಾಲಿನ ಕಡುಬನ್ನು ತಮ್ಮ ತಿಂದುಬಿಟ್ಟಿದ್ದ. ಅಸಲಿಗೆ ಜಗಳ ಜಾಗದ ವಿಚಾರಕ್ಕೆ ಎಂದು ನನಗೆ ಗೊತ್ತಾಗಲು ಮೂವತ್ತು ವರ್ಷ ಬೇಕಾಯಿತು. ಈಗಲೂ ಕಡುಬೇ ಸರಿಯಾದ ಕಾರಣ ಎಂದು ನನಗನ್ನಿಸುತ್ತದೆ.

ಮರುದಿನ ಬೆಳಗ್ಗೆ ಮಕ್ಕಳನ್ನು ಬಿಡಲು ಬಂದ ಹೆಂಗಸರಿಗೆ ಅವ್ವ ಶಿಶುವಿಹಾರದ ಬಾಗಿಲಲ್ಲಿ ನಿಂತು ಹಿಂದಿನ ದಿನದ ಕಂತನ್ನು ಹೇಳುತ್ತಿದ್ದಳು. ಅವರಲ್ಲಿ ತಮಿಳಿನವರಿದ್ದರು, ತುಳುವಿನವರಿದ್ದರು, ನಮ್ಮ ಹಾಗೆ ಕನ್ನಡದವರಿದ್ದರು. ಅವ್ವ ಎಲ್ಲದರಿಂದಲೂ ಒಂದೊಂದು ಪದ ಎತ್ತಿಕೊಂಡು ಕಥೆ ನಡೆಸುತ್ತಿದ್ದಳು. ಮೇಸ್ತ್ರಿ ಶಿಳ್ಳೆ ಹೊಡೆದ ಕೂಡಲೇ ನಿಲ್ಲಿಸಿಬಿಡುತ್ತಿದ್ದಳು.

“ಆಮೇಲೆ ಆಯಮ್ಮ? ಆಮೇಲೆ ಏನಾಯ್ತು?”

“ಕೊನೆ ಬೇಕಾದ್ರೆ ಸಾಯಂಕಾಲ ಬನ್ನಿ.”

ಅದಕ್ಕೊಂದು ಲೆಕ್ಕಾಚಾರವಿತ್ತು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಮೇಲೆ ಕೆಲವರು ಮಾತಾಡುತ್ತಾ ನಿಂತು ಮಕ್ಕಳನ್ನು ಕರೆದೊಯ್ಯಲು ತಡ ಮಾಡುತ್ತಿದ್ದರು. ಕೊನೆಯನ್ನು ಕೈಯಲ್ಲಿ ಹಿಡಿದುಕೊಂಡ ಮೇಲೆ ಯಾರೂ ತಡ ಮಾಡಲಿಲ್ಲ. ಗುಮಾಸ್ತರ ಧಾರಾವಾಹಿಯ ಕಡೆಯ ಕಂತಿನಲ್ಲಿ ಫ್ಯಾನು ತಿರುಗಿ ಎಲ್ಲರ ಅರ್ಜಿಗಳೂ ಕಿಟಕಿಯಿಂದ ಹಾರಿಹೋದವು. ಆ ಸುದ್ದಿಗಾಗಿ ಹೆಂಗಸರು ಇಡೀ ದಿನ ಕಾದು, ಸಂಜೆ ಚೀಲ ಹೊತ್ತುಕೊಂಡೇ ಓಡಿ ಬಂದದ್ದನ್ನು ನಾನು ನೋಡಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಸುಂಟಿಕೊಪ್ಪಕ್ಕೆ ನನ್ನ ಜೊತೆ ಬಂದಳು. ಬಸ್‌ಸ್ಟ್ಯಾಂಡಿನಿಂದ ಎರಡು ನಿಮಿಷದ ದಾರಿ, ಮಹಡಿ ಮೇಲಿನ ಬಾಡಿಗೆ ಮನೆ. ಕೆಳಗೆ ಒಬ್ಬಳು ಟೈಲರ್ ಅಂಗಡಿ ಇಟ್ಟುಕೊಂಡಿದ್ದಾಳೆ. ಮನೆಮಾತು ಮಲಯಾಳ, ಬಾಯಲ್ಲಿ ಎಲ್ಲ ಭಾಷೆ. ದೋಣಿ ಧಾರಾವಾಹಿಯ ಅಸಲಿ ಕಥೆ ಹೇಳಿದವಳು ಇವಳೇ. ನಿವೃತ್ತರಾದ ರೈಟರು ಪಕ್ಕದ ಗಲ್ಲಿಯಲ್ಲೇ ಮನೆ ಮಾಡಿದ್ದಾರೆ. ಒಂದು ಕಾಲದಲ್ಲಿ ನಾವೆಲ್ಲ ಅವರ ಮನೆಗೆ ಟಿವಿ ನೋಡಲು ಹೋಗುತ್ತಿದ್ದೆವು. ಈಗ ಅವರು ನಮ್ಮಲ್ಲಿಗೆ ಬರುತ್ತಾರೆ. ಮನೆಯಲ್ಲಿ ಸೊಸೆ ಹಾಡಿನ ಸ್ಪರ್ಧೆ ಹಾಕುತ್ತಾಳೆ ಎಂಬುದು ಅವರ ದೂರು.

ಸಂಜೆ ಏಳಕ್ಕೆ ನಮ್ಮ ಈಗಿನ ಮೆಚ್ಚಿನ ಧಾರಾವಾಹಿ. ನಿವೃತ್ತ ಪೋಸ್ಟ್‌ಮಾಸ್ಟರ್ ಮತ್ತು ಅವನ ಬೀಗನಾದ ಮದುವೆ ಅಡುಗೆಯ ಕಂಟ್ರಾಕ್ಟರ್, ಇಬ್ಬರೂ ಮಕ್ಕಳ ಒತ್ತಾಯಕ್ಕೆ ಒಂದೇ ಮನೆಯಲ್ಲಿರಬೇಕಾಗಿದೆ. ಅಷ್ಟೇ ಕಥೆ. ಆರೂ ಮುಕ್ಕಾಲಿಗೆ ಟೈಲರು ಶಟರ್ ಎಳೆದು ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಳು: “ಆಯಮ್ಮಾ, ಏಳಾಯ್ತು!” ಅವ್ವ ಒಳಗಿನಿಂದ, “ಗಡಿಯಾರ ನಮ್ಮನೇಲೂ ಐತೆ, ಬಾರೇ” ಎನ್ನುತ್ತಿದ್ದಳು.

ಎರಡು ವರ್ಷಗಳ ಹಿಂದೆ ಆ ಉತ್ತರ ನಿಂತಿತು.

ಮೊದಲು ಅದು ನನ್ನ ಗಮನಕ್ಕೆ ಬರಲಿಲ್ಲ. ಊರಿನ ಸುದ್ದಿಯೆಲ್ಲ ತಿಳಿದಿರಬೇಕಾದವಳಿಗೆ ಮನೆಯ ಸುದ್ದಿ ತಡವಾಗಿ ತಿಳಿಯಿತು. ಟಿವಿಯ ಸದ್ದು ವಾರ ವಾರಕ್ಕೆ ಏರುತ್ತಿತ್ತು. ಬಾಗಿಲು ಬಡಿದರೆ ಅವ್ವ ಏಳುತ್ತಿರಲಿಲ್ಲ. ಮಡಿಕೇರಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಕಿವಿ ಬಹಳ ಮಂದವಾಗಿವೆ ಎಂದರು. ಕಿವಿಗೆ ಹಾಕುವ ಮಿಷನ್ ಬರೆದುಕೊಟ್ಟರು. “ಮೊದಲು ಎಲ್ಲ ಸದ್ದೂ ಗದ್ದಲ ಅನ್ಸುತ್ತೆ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ಮಾತು ಕೇಳಬೇಕು. ಬಿಟ್ಟುಬಿಟ್ರೆ ಮನಸ್ಸೇ ಮಾತು ಕೇಳೋದನ್ನ ಬಿಡುತ್ತೆ. ಜನರ ಜೊತೆ ಕೂರೋದು ಮಾತ್ರ ತಪ್ಪಿಸ್ಬೇಡಿ” ಎಂದು ನನಗೆ ಹೇಳಿದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅವ್ವ ಮಿಷನ್ನನ್ನು ನಾಲ್ಕು ದಿನ ಹಾಕಿದಳು. ಚಮಚ ಬಿದ್ದರೆ ಬೆಚ್ಚಿದಳು, ಬಸ್ಸಿನ ಹಾರ್ನಿಗೆ ಕೈಯಿಂದ ಕಿವಿ ಮುಚ್ಚಿಕೊಂಡಳು. ಟಿವಿಯವರು ಮಾತಾಡುವುದು ಪಾತ್ರೆ ತಿಕ್ಕಿದ ಹಾಗೆ ಕೇಳುತ್ತದೆ ಎಂದಳು. ಐದನೇ ದಿನ ಅದನ್ನು ಗುಂಡಿಗಳನ್ನಿಡುವ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಬೀರುವಿನ ಮೇಲಿಟ್ಟಳು. ಆರನೇ ದಿನ ಏಳು ಗಂಟೆಗೆ ಹಾಲಿಗೆ ಬರಲಿಲ್ಲ.

ಟೈಲರು ಬಂದಳು, ರೈಟರು ಬಂದರು, ಪರದೆಯ ಮೇಲೆ ಪೋಸ್ಟ್‌ಮಾಸ್ಟರು ಬಂದ. ಅವ್ವ ಒಳಕೋಣೆಯಲ್ಲಿ ಮಂಚದ ಮೇಲೆ ಗೋಡೆ ನೋಡಿಕೊಂಡು ಕೂತಿದ್ದಳು. ಯಾಕೆ ಎಂದು ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ.

“ನೀವೆಲ್ಲ ನಗ್ತೀರ. ನೀವು ನಕ್ಕಿದ್ದು ನೋಡ್ಕಂಡು ನಾನೂ ನಗ್ತೀನಿ. ಒಂದು ಚಣ ತಡ್ದು. ಅದು ಕಳ್ಳನಗು ಕಣೇ. ನಂಗೆ ನಾಚ್ಕೆ ಆಗತ್ತೆ.”

ಟಿವಿ ನೋಡದಿದ್ದರೆ ಏನಾಯಿತು ಎನ್ನಬಹುದಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವಳು ಒಂದೊಂದನ್ನೇ ಬಿಟ್ಟಳು. ಕೆಳಗೆ ಟೈಲರ್ ಅಂಗಡಿಯಲ್ಲಿ ಕೂರುವುದನ್ನು ಬಿಟ್ಟಳು. ಶನಿವಾರಸಂತೆಗೆ ತಂಗಿಯ ಮನೆಗೆ ಹೋಗುವುದನ್ನು ಬಿಟ್ಟಳು. ತಂಗಿ ಫೋನು ಮಾಡಿದರೆ ನನ್ನ ಕೈಗೆ ಕೊಟ್ಟಳು. ನನ್ನೊಡನೆ ಆಡುವ ಮಾತೂ ಊಟ, ಔಷಧಿ, ಹಾಲಿನವನು ಎಂಬಲ್ಲಿಗೆ ನಿಂತಿತು. ಅವ್ವ ಮನೆಯೊಳಗೆ ಇದ್ದುಕೊಂಡೇ ಮನೆ ಬಿಟ್ಟು ಹೋಗುತ್ತಿದ್ದಳು. ಡಾಕ್ಟರು ಹೇಳಿ ನಾನು ಬರೆದುಕೊಂಡಿದ್ದ ಸಾಲು ನೋಟ್‌ಬುಕ್ಕಿನಲ್ಲಿ ಹಾಗೇ ಇತ್ತು.

ಕನ್ನಡದ ಧಾರಾವಾಹಿಗೆ ಪರದೆಯ ಕೆಳಗೆ ಅಕ್ಷರ ಬರುವುದಿಲ್ಲ. ಹಾಗಾದರೆ ಅಕ್ಷರ ನಾನೇ ಬರೆದುಕೊಡುತ್ತೇನೆ ಎಂದು ತೀರ್ಮಾನಿಸಿದೆ. ಅವ್ವ ಪೇಪರ್ ಓದುತ್ತಾಳೆ. ನನ್ನ ವರದಿಗಳಲ್ಲಿ ತಪ್ಪು ಹುಡುಕುವುದು ಅವಳ ಬೆಳಗಿನ ಕೆಲಸ. ಒಂದು ಸೋಮವಾರ ಬಲವಂತವಾಗಿ ಅವಳನ್ನು ಕರೆತಂದು ಕೂರಿಸಿ, ಪಕ್ಕದಲ್ಲಿ ಪ್ಯಾಡ್ ಇಟ್ಟುಕೊಂಡು ಕೂತೆ. ಆ ದಿನದ ಕಂತು ಚೆನ್ನಾಗಿತ್ತು. ಸಕ್ಕರೆ ಕಾಯಿಲೆಯ ಪೋಸ್ಟ್‌ಮಾಸ್ಟರು ಬೀಗನ ಅಡುಗೆಮನೆಯಿಂದ ಒಂದು ಲಡ್ಡು ಕದಿಯುತ್ತಾನೆ. ಹೆಂಡತಿ ಹುಡುಕದ ಜಾಗ ಮನೆಯಲ್ಲಿ ಒಂದೇ, ದೇವರ ಕೋಣೆಯ ಊದುಬತ್ತಿ ಡಬ್ಬಿ. ಅದರಲ್ಲಿಡುತ್ತಾನೆ. ಸಂಜೆ ಕದ್ದು ತಿನ್ನುತ್ತಾನೆ. ರೈಟರು ಮಂಡಿ ತಟ್ಟಿಕೊಂಡು ನಕ್ಕರು. ನಾನು ಪ್ಯಾಡನ್ನು ಅವ್ವನ ಮಡಿಲಿಗೆ ಇಟ್ಟೆ. ಅದರಲ್ಲಿ ಹೀಗಿತ್ತು:

‘ಊದುಬತ್ತಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಲಡ್ಡು ತಿಂದ ಪೋಸ್ಟ್‌ಮಾಸ್ಟರ್ ಬಾಯಿಯಿಂದ ಬಂದ ಊದುಬತ್ತಿ ವಾಸನೆಯಿಂದಾಗಿ ಪತ್ನಿಯ ಕೈಗೆ ಸಿಕ್ಕಿಬಿದ್ದಿದ್ದಾನೆ. ಬೆಳಗ್ಗೆ ಅಡುಗೆಮನೆಯಲ್ಲಿ ಯಾರೂ ಇಲ್ಲದ ವೇಳೆ ಈತ ಒಳಗೆ ಪ್ರವೇಶಿಸಿದ್ದ. ಈತನಿಗೆ ಸಕ್ಕರೆ ಕಾಯಿಲೆ ಇದೆ.’

ಅವ್ವ ಓದಿದಳು. ಇನ್ನೊಮ್ಮೆ ಓದಿದಳು. ಮುಖದಲ್ಲಿ ಏನೂ ಆಗಲಿಲ್ಲ.

“ಪಾಪ” ಎಂದಳು. ಎದ್ದು ಒಳಗೆ ಹೋದಳು.

ಒಂದು ವಾರ ಹೀಗೇ ನಡೆಯಿತು. ನಾನು ಇನ್ನೂ ವಿವರವಾಗಿ ಬರೆದೆ. ಯಾರು, ಎಲ್ಲಿ, ಯಾವಾಗ, ಯಾಕೆ, ಯಾವುದನ್ನೂ ಬಿಡಲಿಲ್ಲ. ಟೈಲರು ಒಂದು ದಿನ ಪ್ಯಾಡ್ ಎಳೆದುಕೊಂಡು ಓದಿ, “ಎಂಡಮ್ಮೋ! ಅಕ್ಕ, ಇದು ನಗೆದಾ, ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡೋದಾ?” ಎಂದಳು. ನನಗೆ ಸ್ವಲ್ಪ ಸಿಟ್ಟೇ ಬಂತು. ಒಂದು ವಿವರವೂ ತಪ್ಪಿರಲಿಲ್ಲ.

ಶುಕ್ರವಾರ ಅವ್ವ ಪ್ಯಾಡನ್ನು ನನಗೆ ವಾಪಸು ಕೊಟ್ಟಳು. ಕಿವಿ ಕೇಳದವರ ಹಾಗೆ ಗಟ್ಟಿಯಾಗಿ, ಬೀದಿಗೆ ಕೇಳುವಂತೆ ಹೇಳಿದಳು:

“ಅಲ್ಲ ಕಣೇ, ಸಿಕ್ಕಾಕಂಡ ಅಂತ ಮೊದ್ಲೇ ಹೇಳ್ಬುಟ್ರೆ ಅವ್ನು ಕದಿಯಕ್ಕೆ ಯಾಕೆ ಹೋಗ್ಬೇಕು? ನಾನ್ಯಾಕೆ ನೋಡ್ಬೇಕು? ನೀನು ಊಟಕ್ಕೆ ಕೂರೋಕೆ ಮುಂಚೆ ಎಲೆ ಎತ್ತಿಸ್ತೀಯ.”

ರೈಟರು, “ಪೇಪರ್‌ನವ್ರಲ್ವಾ ಆಯಮ್ಮ, ಅವ್ರಿಗೆ ಹೆಡ್ಡಿಂಗ್ ಮೊದ್ಲು ಬೇಕು” ಎಂದರು. ಅವ್ವನಿಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು.

ಇಪ್ಪತ್ತೇಳು ವರ್ಷಗಳ ಅಭ್ಯಾಸ. ನಾನು ಹಾಸ್ಯವನ್ನೂ ಬಸ್ಸು ಮಗುಚಿದ ಹಾಗೆ ಬರೆದಿದ್ದೆ. ಅಪಘಾತದ ಸುದ್ದಿಯಲ್ಲಿ ಓದುಗರನ್ನು ಕಾಯಿಸುವುದು ಅನ್ಯಾಯ, ಅಲ್ಲಿ ಯಾರದೋ ಮನೆಯವರು ಓದುತ್ತಿರುತ್ತಾರೆ. ನಗುವಿನಲ್ಲಿ ಕಾಯಿಸದಿರುವುದೇ ಅನ್ಯಾಯ. ಶಿಶುವಿಹಾರದ ಬಾಗಿಲಲ್ಲಿ ನಿಂತು ಈ ಪಾಠವನ್ನು ನಾನು ದಿನವೂ ಕೇಳಿದ್ದೆ, ಕಲಿತಿರಲಿಲ್ಲ.

ಮುಂದಿನ ಸೋಮವಾರ ಬೇರೆ ರೀತಿ ಬರೆದೆ. ಯಾರು ಏನು ಹೇಳುತ್ತಾರೋ ಅದನ್ನು ಅದೇ ಕ್ರಮದಲ್ಲಿ, ಆಡಿದಂತೆಯೇ. ಆದರೆ ಕೈ ಅಷ್ಟು ಬೇಗ ಓಡಲಿಲ್ಲ. ನಾನು ಮೂರನೇ ಮಾತು ಬರೆಯುವಾಗ ಪರದೆಯಲ್ಲಿ ಹತ್ತನೆಯದು ಮುಗಿದಿತ್ತು. ಅವ್ವ ಪ್ಯಾಡ್ ನೋಡಿದಳು, ಪರದೆ ನೋಡಿದಳು, ಮತ್ತೆ ಪ್ಯಾಡ್ ನೋಡಿದಳು. ಆಮೇಲೆ ಪ್ಯಾಡನ್ನು ಬಿಟ್ಟು ಪರದೆಯನ್ನೇ ನೋಡತೊಡಗಿದಳು. ಅಲ್ಲಿ ಬಚ್ಚಲಮನೆಯ ಮುಚ್ಚಿದ ಬಾಗಿಲಿನ ಮುಂದೆ ಬೀಗರಿಬ್ಬರೂ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದರು. ಒಳಗೆ ಸೊಸೆ ಇದ್ದಳು.

ಅವ್ವ ಪೋಸ್ಟ್‌ಮಾಸ್ಟರನ ಕಡೆ ಬೆರಳು ತೋರಿಸಿದಳು.

“ಇವ್ನು ಮ್ಯಾನೇಜರು” ಎಂದಳು. ದನಿ ದಪ್ಪ ಮಾಡಿಕೊಂಡಳು. “‘ಏನ್ರೀ ರೈಟರೇ, ಹಣ್ಣು ಆಯ್ತಾ?’”

ಪರದೆಯಲ್ಲಿ ಅಡುಗೆ ಕಂಟ್ರಾಕ್ಟರು ಬಾಗಿಲಿಗೆ ಕಿವಿ ಕೊಟ್ಟು ತಲೆಯಾಡಿಸಿದ.

“‘ಇನ್ನೂ ಕಾಯಿ ಸಾರ್. ಒಳ್ಗಡೆ ನೀರು ಬಿಡ್ತಾವ್ರೆ.’”

ಪೋಸ್ಟ್‌ಮಾಸ್ಟರು ಕೈ ಗಡಿಯಾರ ನೋಡಿಕೊಂಡ.

“‘ಹೋದ್ ವರ್ಸ ಇಷ್ಟೊತ್ಗೆ ಎರಡು ಸಲ ಪಿಕ್ಕಿಂಗ್ ಆಗಿತ್ತಲ್ರೀ!’”

ಟೈಲರ ಕೈಯಲ್ಲಿದ್ದ ಚಹಾ ಲೋಟದಿಂದ ಅರ್ಧ ನನ್ನ ಪ್ಯಾಡಿನ ಮೇಲೆ ಬಿತ್ತು. ಅವಳು ನಗುತ್ತಲೇ ರಿಮೋಟ್ ಎತ್ತಿಕೊಂಡು ಟಿವಿಯ ದನಿಯನ್ನು ಪೂರ್ತಿ ನಿಲ್ಲಿಸಿದಳು.

“ಅವನು ಹೇಳ್ತಿರೋದು ಅದಲ್ಲ” ಎಂದೆ. ವರದಿಗಾರಳಾಗಿ ಅಷ್ಟು ಹೇಳುವುದು ನನ್ನ ಕರ್ತವ್ಯ ಎನಿಸಿತು.

“ನೀವು ಸುಮ್ನಿರಿ ಅಕ್ಕ. ಅವನು ಹೇಳೋದು ನಾಳೆ ಹನ್ನೊಂದು ಗಂಟೆಗೆ ತಿರ್ಗ ಬರ್ತದೆ. ಆಯಮ್ಮ ಹೇಳೋದು ತಿರ್ಗ ಬರ್ತದಾ?”

ದನಿಯಿಲ್ಲದ ಟಿವಿಯ ಮುಂದೆ ಅವ್ವ ಇಪ್ಪತ್ತು ನಿಮಿಷ ಮಾತಾಡಿದಳು. ಸೊಸೆಯನ್ನು ಲೈನಿನ ಹೆಂಗಸು ಮಾಡಿದಳು, ಮಗನನ್ನು ಮೇಸ್ತ್ರಿ ಮಾಡಿದಳು. ಟವೆಲು ಹೊದ್ದ ಕಂಟ್ರಾಕ್ಟರು ನಮ್ಮ ರೈಟರೇ ಆದರು. ಅರ್ಥವಾಗದ ಭಾಷೆಯ ಧಾರಾವಾಹಿಯನ್ನು ಒಂದು ಕಾಲದಲ್ಲಿ ಹೇಗೆ ಹೇಳಿದ್ದಳೋ ಕೇಳಿಸದ ಧಾರಾವಾಹಿಯನ್ನೂ ಹಾಗೆಯೇ ಹೇಳಿದಳು. ನಾನು ಅದನ್ನು ಮರೆತಿದ್ದೆ. ಬಹುಶಃ ಅವಳೂ ಮರೆತಿದ್ದಳು. ಕಳ್ಳನಗುವಿನ ಪ್ರಶ್ನೆಯೇ ಇರಲಿಲ್ಲ. ಯಾಕೆ ನಗುತ್ತಿದ್ದೇವೆ ಎಂಬುದು ಆ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಿತ್ತು.

ಕೊನೆಗೆ ಅವ್ವ ರೈಟರ ಕಡೆ ತಿರುಗಿ, “ಬೇಜಾರು ಮಾಡ್ಕಬೇಡಿ. ಮ್ಯಾನೇಜರ ಮುಂದೆ ನೀವು ಹಿಂಗೇ ನಿಲ್ತಿದ್ರಿ, ಟವಲ್ ಒಂದಿರ್ಲಿಲ್ಲ” ಎಂದಳು.

ರೈಟರು ಅದಕ್ಕೆ ಏನೋ ಹೇಳಿದರು. ಅವರದು ಮೆಲುದನಿ, ತುಟಿ ಹೆಚ್ಚು ಅಲ್ಲಾಡುವುದಿಲ್ಲ. ಟೈಲರು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅವ್ವ ನನ್ನ ಮುಖ ನೋಡಿದಳು, ಟೈಲರ ಮುಖ ನೋಡಿದಳು, ರೈಟರ ಮುಖ ನೋಡಿದಳು. ಈ ಸಲ ತಡೆದು ನಗಲಿಲ್ಲ.

“ಏನಂದ್ರು? ಇವ್ರು ಏನಂದ್ರು ನಂಗೆ?”

ನಾನು ಪೆನ್ನು ತೆಗೆದೆ. ಅವ್ವ ನನ್ನ ಕೈ ಹಿಡಿದಳು.

“ಬರೀಬೇಡ ನೀನು. ಬರ್ದು ಕೆಡಿಸ್ತೀಯ. ಆ ಮಿಷನ್ ಎಲ್ಲೈತೆ?”

ಬೀರುವಿನ ಮೇಲಿಂದ ಬಿಸ್ಕತ್ತಿನ ಡಬ್ಬ ಇಳಿಸಿದೆ. ಗುಂಡಿಗಳ ನಡುವೆ ಮಿಷನ್ ಇತ್ತು. ಸಣ್ಣ ಬ್ಯಾಟರಿಗಳನ್ನು ನಾನು ಹೊಸದಾಗಿ ತಂದು ಫೈಲುಗಳ ಜೊತೆ ಇಟ್ಟಿದ್ದೆ. ಎಂದಾದರೂ ಬೇಕಾಗಬಹುದು ಎಂದು ಮಾತ್ರ. ಹಾಕಿಕೊಳ್ಳಲು ಅವ್ವನಿಗೆ ಐದು ನಿಮಿಷ ಹಿಡಿಯಿತು. ಮಿಷನ್ ಒಮ್ಮೆ ಕೀರಲಿಟ್ಟಿತು, ಅವಳು ಮುಖ ಕಿವುಚಿದಳು. ಕಿತ್ತೆಸೆಯುತ್ತಾಳೆ ಎಂದುಕೊಂಡೆ. ಅವಳು ಎರಡೂ ಕೈಗಳನ್ನು ಮಂಡಿಯ ಮೇಲೆ ಒತ್ತಿಕೊಂಡು ಕೂತಳು. ಟಿವಿ ಮೂಕವಾಗಿಯೇ ಇತ್ತು. ಟೈಲರು ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದಳು.

“ಈಗ ಹೇಳಿ ರೈಟರೇ. ಮೊದ್ಲು ಅಂದಿದ್ದೇ ಅನ್ಬೇಕು. ಬದಲಾಯಿಸೋ ಹಂಗಿಲ್ಲ.”

ರೈಟರು ಗಂಟಲು ಸರಿಮಾಡಿಕೊಂಡರು. ಎರಡನೇ ಸಲ ಹೇಳುವ ತಮಾಷೆ ಸಪ್ಪೆಯಾಗುತ್ತದೆ ಎಂಬ ಅಳುಕು ಅವರ ಮುಖದಲ್ಲಿತ್ತು.

“ನಾನು ಮ್ಯಾನೇಜರ ಮುಂದೆ ಮಾತ್ರ ಹಂಗೆ ನಿಲ್ತಿದ್ದೆ ಆಯಮ್ಮ. ನಿಮ್ಮ ಶಿಶುವಿಹಾರದ ಮುಂದೆ ಮ್ಯಾನೇಜರೇ ಹಂಗೆ ನಿಲ್ತಿದ್ರು. ಮಕ್ಳು ಅಲ್ಲಿ ಮಲಗ್ತಿದ್ದದ್ದು ನಿದ್ದೆ ಬಂದಲ್ಲ ಮಾರಾಯ್ರೆ, ಹೆದ್ರಿ.”

ಅವ್ವ ಅಲ್ಲಾಡಲಿಲ್ಲ. ಮಾತು ಕಿವಿಯಿಂದ ಒಳಗೆ ಇಳಿಯಲು ಹೊತ್ತು ಹಿಡಿಯಿತೋ ಏನೋ. ಆಮೇಲೆ ಒಬ್ಬಳೇ ನಕ್ಕಳು. ನಾವು ಆಗಲೇ ನಕ್ಕು ಮುಗಿಸಿದ್ದೆವು. ಅವಳು ಕಣ್ಣೊರೆಸಿಕೊಂಡು, “ನಿಮ್ಮ ಮಗ ಅಂತೂ ಹೆದ್ರಿಕೆಗೂ ಮಲಗ್ತಿರ್ಲಿಲ್ಲ. ಥೇಟು ನೀವೇ, ಕಣ್ಣು ಬಿಟ್ಕಂಡೇ ಗೊರ್ಕೆ” ಎಂದಳು. ಮತ್ತೆ ನಮ್ಮ ಸರದಿ.

ಇದನ್ನು ಪವಾಡದಂತೆ ಬರೆದರೆ ತಪ್ಪಾಗುತ್ತದೆ. ಮಿಷನ್ ಆ ದಿನವೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಕಿವಿಯಲ್ಲಿ ನಿಲ್ಲಲಿಲ್ಲ. ಮರುದಿನ ಇಪ್ಪತ್ತು ನಿಮಿಷ. ಒಂದು ವಾರ ತಲೆನೋವೆಂದು ಬಿಟ್ಟಳು. ಮತ್ತೆ ಡಾಕ್ಟರ ಹತ್ತಿರ ಹೋಗಿ ಅದನ್ನು ಹದ ಮಾಡಿಸಿಕೊಂಡು ಬಂದೆವು. ಡಾಕ್ಟರು ಯಾವ ಹೊತ್ತಿಗೆ ಹಾಕಿಕೊಳ್ಳುತ್ತೀರಿ ಎಂದು ಕೇಳಿದಾಗ ಅವ್ವ, “ಜಗಳ ಆಡೋ ಹೊತ್ಗೆ” ಎಂದಳು. ನಮ್ಮ ಏಳು ಗಂಟೆಗೆ ಒಂದು ಕ್ರಮ ಬಂತು. ಮೊದಲ ಅರ್ಧ ದನಿಯಿಲ್ಲದೆ, ಅವ್ವನ ಮಾತಿನಲ್ಲಿ. ಉಳಿದ ಅರ್ಧ ದನಿಯೊಂದಿಗೆ, ಮಿಷನ್ ಹಾಕಿಕೊಂಡು. ಪೋಸ್ಟ್‌ಮಾಸ್ಟರನ ದನಿಯನ್ನು ಅವಳು ಎಷ್ಟೋ ತಿಂಗಳುಗಳ ನಂತರ ಸರಿಯಾಗಿ ಕೇಳಿದ ದಿನ ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

“ಇಷ್ಟೇನಾ ಇವ್ನು ಹೇಳ್ತಿದ್ದಿದ್ದು?” ಎಂದಳು. “ಇದ್ಕೆ ನೀವು ಅಷ್ಟು ನಗ್ತಿದ್ರಾ?”

ಈಗ ಅವಳಿಗೆ ಎಲ್ಲವೂ ಕೇಳುತ್ತದೆ ಎನ್ನಲಾರೆ. ಮದುವೆಮನೆಯ ಗದ್ದಲದಲ್ಲಿ ಏನೂ ಕೇಳುವುದಿಲ್ಲ. ಫೋನಿನಲ್ಲಿ ಅರ್ಧ ಕೇಳುತ್ತದೆ. ಆದರೆ ಅರ್ಧ ಕೇಳಿದರೆ ಉಳಿದರ್ಧವನ್ನು ಕೂಡಿಸಿಕೊಳ್ಳಲು ಅವಳಿಗೆ ಬರುತ್ತದೆ, ಕೂಡಿಸಿದ್ದು ಸರಿಯೇ ಎಂದು ತಂಗಿಯನ್ನೇ ಕೇಳುವಷ್ಟು ಧೈರ್ಯವೂ ಬಂದಿದೆ. ಮಧ್ಯಾಹ್ನ ಕೆಳಗೆ ಟೈಲರ್ ಅಂಗಡಿಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಾಕುತ್ತಾಳೆ. ಅಳತೆ ಕೊಡಲು ಬಂದವರಿಗೆ ಹಿಂದಿನ ದಿನದ ಕಂತು ಹೇಳುತ್ತಾಳಂತೆ. ಕೊನೆಯನ್ನು ಮಾತ್ರ ಬಟ್ಟೆ ತಗೊಂಡು ಹೋಗಲು ಬಂದಾಗ ಹೇಳುವುದಂತೆ. ಹೊಲಿದಿಟ್ಟ ಬಟ್ಟೆಯನ್ನು ಒಯ್ಯದೆ ತಿಂಗಳುಗಟ್ಟಲೆ ಸತಾಯಿಸುತ್ತಿದ್ದವರೂ ಈಗ ಹೇಳಿದ ದಿನಕ್ಕೆ ಬರುತ್ತಾರೆ ಎಂದು ಟೈಲರು ಹೇಳುತ್ತಾಳೆ. ನಾನು ಇದನ್ನು ಪರಿಶೀಲಿಸಿಲ್ಲ.

ಕಳೆದ ವಾರ ಅವ್ವ ಒಬ್ಬಳೇ ಬಸ್ಸು ಹತ್ತಿ ಶನಿವಾರಸಂತೆಗೆ ತಂಗಿಯ ಮನೆಗೆ ಹೋದಳು. ಶುಕ್ರವಾರ ಹೋದವಳು ಸೋಮವಾರ ಸಂಜೆ ಆರು ಗಂಟೆಗೆ ಬಂದಳು. ಶುಕ್ರವಾರದ ಕಂತು ತಪ್ಪಿತ್ತು. ಚೀಲ ಇಳಿಸಿ, ಕಾಲು ತೊಳೆದು, ಚಹಾ ಹಿಡಿದು ನನ್ನ ಎದುರು ಕೂತು ಮಿಷನ್ ಸರಿಮಾಡಿಕೊಂಡಳು.

“ಹೇಳು. ಏನಾಯ್ತು?”

ಏನಾಯಿತು ಎಂದು ಕೇಳಿದರೆ ಏನಾಯಿತೆಂದು ಹೇಳಿಬಿಡುವುದು ನನ್ನ ಕಸುಬು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಪೋಸ್ಟ್‌ಮಾಸ್ಟರ ಹೆಂಡತಿಯ ಹುಟ್ಟುಹಬ್ಬ ಎಂದು ಶುರುಮಾಡಿದೆ. ಬೀಗ ಗುಟ್ಟಾಗಿ ದೊಡ್ಡ ಕೇಕು ಮಾಡಿಸಿದ್ದು, ಅದನ್ನು ಅಟ್ಟದ ಮೇಲೆ ಇಟ್ಟದ್ದು, ಪೋಸ್ಟ್‌ಮಾಸ್ಟರು ಹಳೇ ಕಾಗದಗಳನ್ನು ಹುಡುಕಲು ಏಣಿ ತಂದದ್ದು. ನಿಧಾನವಾಗಿ ಹೇಳಿದೆ. ಏಣಿಯ ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಲ್ಲಿಸಿದೆ. ಅವ್ವನ ಚಹಾ ಕೈಯಲ್ಲೇ ಆರಿತು.

“ಹತ್ತಿದ್ನಾ?”

“ಹತ್ತಿದ.”

“ಆಮೇಲೆ?”

“ಮೇಲೆ ಕತ್ತಲು. ಅವನು ಒಂದು ಕೈ ಮುಂದೆ ಚಾಚಿದ…”

ಕೆಳಗೆ ಶಟರ್ ಎಳೆದ ಸದ್ದಾಯಿತು. ಮೆಟ್ಟಿಲ ಬುಡದಿಂದ ಟೈಲರು ಕೂಗಿದಳು.

“ಆಯಮ್ಮಾ, ಏಳಾಯ್ತು!”

ಎರಡು ವರ್ಷಗಳ ಅಭ್ಯಾಸದಿಂದ ಉತ್ತರ ಕೊಡಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಬಾಗಿಲ ಕಡೆ ತಿರುಗಿ ಕೂಗಿಯಾಗಿತ್ತು.

“ತಡಿಯೇ, ಅಲ್ಲೇ ನಿಲ್ಲು! ನನ್ ಮಗ್ಳು ಇನ್ನೂ ಕೊನೆ ಹೇಳಿಲ್ಲ.”